ಹುಣಸೆಹುಳಿಗೆ ಬಿದ್ದ ಹಲ್ಲು

ಹುಣಸೆಹುಳಿ ಕುದಿಯುವ ವಾಸನೆ ಬಂದರೆ ಬೇರೆಯವರಿಗೆ ಸಾರು ನೆನಪಾಗಬಹುದು. ನನಗೆ ಒಂದು ಹಲ್ಲು ನೆನಪಾಗುತ್ತದೆ. ಮೊನ್ನೆ ಸೊಸೆ ಹಿತ್ತಾಳೆಯ ದೀಪಗಳನ್ನು ತೊಳೆಯಲು ಒಲೆಯ ಮೇಲೆ ಹುಳಿನೀರು ಇಟ್ಟಿದ್ದಳು. ಜಗಲಿಯಲ್ಲಿ ಪೇಪರು ಓದುತ್ತಿದ್ದ ನಾನು ಎದ್ದು ಒಳಗೆ ಹೋಗಿ, "ಅದರಲ್ಲಿ ಎಂತ ಹಾಕಿದ್ದು? ಸರಿಯಾಗಿ ನೋಡಿ ಹಾಕಿದ್ದೀಯಲ್ಲ?" ಎಂದು ಕೇಳಿದೆ. "ದೀಪ ಮಾವ, ಮತ್ತೆಂತ?" ಎಂದಳು. ಪಾತ್ರೆಗೆ ಬಗ್ಗಿ ನೋಡಿ, ದೀಪವೇ ಹೌದು ಎಂದು ಖಾತ್ರಿಯಾದ ಮೇಲೆಯೇ ನಾನು ಕುರ್ಚಿಗೆ ಮರಳಿದ್ದು. ಮನೆಯವರು ಇದನ್ನು ಮುದುಕನ ಮರುಳು ಎಂದು ಎಣಿಸಿದ್ದಾರೆ. ಎಣಿಸಲಿ. ಆರೂವರೆ ಕೋಟಿ ವರ್ಷ ಮಣ್ಣಿನೊಳಗೆ ಕೆಡದೆ ಉಳಿದ ವಸ್ತುವನ್ನು ಹತ್ತು ನಿಮಿಷದಲ್ಲಿ ಹಾಳು ಮಾಡಿದವನು ಈ ಊರಿನಲ್ಲಿ ನಾನೊಬ್ಬನೇ. ಅಷ್ಟು ಮರುಳಾದರೂ ನನಗೆ ಇರಬೇಡವೇ?

ನಾನು ಅಕ್ಕಸಾಲಿ. ಹುಟ್ಟಿದ್ದು ಕಾರ್ಕಳದಲ್ಲಿ, ಕಸುಬು ಕಲಿತದ್ದು ಅಲ್ಲೇ ಅಪ್ಪನ ಕೈಕೆಳಗೆ. ಬಂಡೆಯ ಮೇಲೆ ನಿಂತ ಆ ದೊಡ್ಡ ಮೂರ್ತಿಯನ್ನು ದಿನಾ ನೋಡುತ್ತ ಬೆಳೆದ ಕಾರ್ಕಳದ ಮಕ್ಕಳಿಗೆ, ಕೆಲಸ ಎಂದರೆ ದೊಡ್ಡದೇ ಆಗಬೇಕು ಎಂಬ ಭ್ರಮೆ ಇರುತ್ತದೆ. ಅಪ್ಪ ಅದನ್ನು ಮೊದಲ ವರ್ಷವೇ ಬಿಡಿಸಿದರು. "ದೊಡ್ಡದನ್ನು ಯಾರು ಬೇಕಾದರೂ ನೋಡುತ್ತಾರೆ. ಸಣ್ಣದನ್ನು ನೋಡಲಿಕ್ಕೆ ಕಲಿ" ಎನ್ನುತ್ತಿದ್ದರು. ಮದುವೆಯಾದ ಮೇಲೆ ನಾನು ಕಾಪು ಪೇಟೆಗೆ ಬಂದು ಅಂಗಡಿ ಹಾಕಿದೆ. ಎದುರು ಅಂಗಡಿ, ಹಿಂದೆ ಮನೆ, ಅದರ ಹಿಂದೆ ಬಾವಿ. ಬ್ಯಾರಿ ಮನೆಗಳ ಹೆಂಗಸರು ಕಿವಿಯ ಅಂಚಿಗೆ ಸಾಲಾಗಿ ಹಾಕುವ ಅಲಿಕತ್ತು ಮಾಡುವುದರಲ್ಲಿ ಉಡುಪಿಯವರೆಗೆ ನನ್ನನ್ನು ಮೀರಿಸಿದವರು ಇರಲಿಲ್ಲ. ಇದನ್ನು ನಾನೇ ಹೇಳಿಕೊಳ್ಳಬೇಕಾಗಿದೆ, ಏಕೆಂದರೆ ಹೇಳುತ್ತಿದ್ದವರೆಲ್ಲ ತೀರಿಹೋಗಿದ್ದಾರೆ. ಇನ್ನೊಂದು ಕೆಲಸವೂ ಇತ್ತು. ಮಣಿಪಾಲದ ಒಬ್ಬರು ಹಲ್ಲಿನ ಡಾಕ್ಟರು, ರೋಗಿಗಳ ಹಲ್ಲಿಗೆ ಚಿನ್ನದ ಟೋಪಿ ಮಾಡಿಸಲು ನನಗೆ ಮೇಣದ ಅಚ್ಚು ಕಳಿಸುತ್ತಿದ್ದರು. ಎಪ್ಪತ್ತರ ದಶಕವಿಡೀ ನಾನು ಅಂಥ ಟೋಪಿಗಳನ್ನು ಎರಕ ಹೊಯ್ದೆ. ಹಾಗಾಗಿ ಹಲ್ಲಿನ ಏರುತಗ್ಗು ನನಗೆ ಅಂಗೈಯ ಗೆರೆಯಷ್ಟೇ ಪರಿಚಯ.

ಇನ್ನು ನನ್ನ ಹೆಂಡತಿ ಕಮಲ. ಅಕ್ಕಸಾಲಿಯ ಮನೆಗೆ ಮದುವೆಯಾಗಿ ಬಂದ ಹೆಣ್ಣಿಗೆ ಅತ್ತೆ ಮೊದಲು ಕಲಿಸುವುದು ಅಡುಗೆಯಲ್ಲ, ಧೂಳು ತೊಳೆಯುವುದು. ನಮ್ಮಲ್ಲಿ ಅಂಗಡಿಯ ನೆಲ ಗುಡಿಸಿದ ಧೂಳನ್ನು ಬಿಸಾಡುವ ಕ್ರಮ ಇಲ್ಲ. ಅರ ಉಜ್ಜಿದಾಗ ಹಾರಿದ ಚಿನ್ನದ ಪುಡಿ ಅದರಲ್ಲಿ ಇರುತ್ತದೆ. ವರ್ಷವಿಡೀ ಡಬ್ಬಿಯಲ್ಲಿ ಕೂಡಿಟ್ಟು, ಮರಿಗೆ ಎನ್ನುವ ಮರದ ಅಗಲ ಬಟ್ಟಲಿನಲ್ಲಿ ನೀರು ಹಾಕಿ ತಿರುವುತ್ತ ತಿರುವುತ್ತ, ಹಗುರಾದದ್ದನ್ನು ಚೆಲ್ಲಿ ಭಾರದ್ದನ್ನು ಉಳಿಸಬೇಕು. ಕಮಲ ಮರಿಗೆ ತಿರುಗಿಸುವುದನ್ನು ನನ್ನ ಅಪ್ಪ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಯಾರನ್ನೂ ಹೊಗಳದ ಮನುಷ್ಯ, "ಇವಳ ಕೈಯಿಂದ ಒಂದು ಕಣ ಜಾರುವುದಿಲ್ಲ" ಎಂದಿದ್ದರು.

ನಾನು ಹೇಳಹೊರಟದ್ದು ಎಂಬತ್ತರ ದಶಕದ ನಡುವಿನ ಒಂದು ಮಳೆಗಾಲದ ಸಂಗತಿ. ಮಳೆ ಆಗಷ್ಟೇ ಹಿಡಿದಿತ್ತು. ಕಡಲಿನ ಬೊಬ್ಬೆ ಪೇಟೆಯವರೆಗೆ ಕೇಳುತ್ತಿತ್ತು. ಮದುವೆಗಳು ಮುಗಿದು ನನ್ನ ಕೈಗೆ ಕೆಲಸ ಕಡಿಮೆ. ಅಂಥ ಒಂದು ಬೆಳಿಗ್ಗೆ ಹಮೀದ ಕೊಡೆ ಮಡಚುತ್ತ ಅಂಗಡಿಗೆ ಬಂದ.

ಹಮೀದನ ತಂದೆ ಮೊಯ್ದಿನಬ್ಬ ಬ್ಯಾರಿಗೆ ಹೈವೇ ಬದಿಯಲ್ಲಿ ಜಿನಸಿನ ಅಂಗಡಿ. ಮೂವರು ಗಂಡುಮಕ್ಕಳಲ್ಲಿ ಮೊದಲಿಬ್ಬರು ದುಬಾಯಿಗೆ ಹೋಗಿದ್ದರು. ಮೂರನೆಯವ ಹಮೀದ, ಓದಿನ ಹುಚ್ಚಿನವ. ಧಾರವಾಡದಲ್ಲಿ ಭೂಗರ್ಭಶಾಸ್ತ್ರ ಓದಿ, ಆಮೇಲೆ ಸಂಶೋಧನೆ ಎಂದು ದೂರದ ಯಾವುದೋ ಯೂನಿವರ್ಸಿಟಿ ಸೇರಿದ್ದ. ಬೇಸಿಗೆಯಲ್ಲಿ ಹೈದರಾಬಾದಿನ ಆಚೆ ಬಿಸಿಲಿನಲ್ಲಿ ಮಣ್ಣು ಅಗೆಯುತ್ತಿದ್ದವನಿಗೆ ಕಾಮಾಲೆ ಹಿಡಿಯಿತು. ಡಾಕ್ಟರು ಮನೆಗೆ ಹೋಗಿ ನಾಲ್ಕು ತಿಂಗಳು ಇರು ಎಂದರು. ಅವನು ಬಂದ. ಅವನ ಹಿಂದೆಯೇ ಲಾರಿಯಲ್ಲಿ ಹನ್ನೆರಡು ಗೋಣಿ ಮಣ್ಣೂ ಬಂತು. ಕಾಮಾಲೆಗೆ ಮದ್ದು ತರುವವರನ್ನು ಕಂಡಿದ್ದೇವೆ, ಮಣ್ಣು ತಂದವನು ಇವನೊಬ್ಬನೇ ಎಂದು ಪೇಟೆಯವರೆಲ್ಲ ನಕ್ಕರು.

ಅವನ ಕೈಯಲ್ಲಿ ಒಂದು ಚಿಮಟ ಇತ್ತು. ನಮ್ಮೊಳಗೆ ಮಾತು ತುಳುವಿನಲ್ಲಿ. ಇಲ್ಲಿ ಕನ್ನಡ ಮಾಡಿ ಬರೆಯುತ್ತಿದ್ದೇನೆ.

"ಇದರ ತುದಿ ಕೂಡುವುದಿಲ್ಲ ಆಚಾರ್ರೇ. ಸಾಸಿವೆ ಹಿಡಿದರೂ ಜಾರುತ್ತದೆ."

"ಸಾಸಿವೆ ಹಿಡಿಯುವ ಕೆಲಸ ನಿನಗೆ ಎಂತಕ್ಕೆ ಮಾರಾಯ? ನಿನ್ನ ಅಪ್ಪ ಈಗ ಸಾಸಿವೆ ಒಂದೊಂದೇ ಮಾರುವುದಾ?"

ಅವನು ನಕ್ಕ. ಕಣ್ಣಿನಲ್ಲಿ ಹಳದಿ ಇನ್ನೂ ಇತ್ತು. "ಹಲ್ಲು ಹೆಕ್ಕಲಿಕ್ಕೆ" ಎಂದ.

ಚಿಮಟದ ತುದಿ ಉಜ್ಜಿಕೊಡುವಷ್ಟು ಹೊತ್ತಿನಲ್ಲಿ ಅವನು ಇಡೀ ಕತೆ ಹೇಳಿದ. ಒಂದು ಕಾಲದಲ್ಲಿ ಆ ಕಡೆಯ ನೆಲ ಬಿರಿದು ಬೆಂಕಿಯ ಹೊಳೆ ಹರಿದು ಕಪ್ಪು ಕಲ್ಲಾಯಿತಂತೆ. ಒಂದು ಹೊಳೆ ಆರಿದ ಮೇಲೆ ಇನ್ನೊಂದು ಹೊಳೆ ಬರುವುದಕ್ಕೆ ಬಹಳ ಕಾಲ ಹಿಡಿಯುತ್ತಿತ್ತು. ಆ ನಡುವೆ ಮಳೆ ಬಂದು ಕೆರೆಗಳಾಗಿ, ಕೆರೆಯ ಬದಿಯಲ್ಲಿ ಜೀವಿಗಳು ಬಾಳಿದವು. ಬೆಟ್ಟದಂಥ ಡೈನೋಸಾರುಗಳು ತಿರುಗಾಡುತ್ತಿದ್ದ ಕಾಲ ಅದು. ಅವುಗಳ ಕಾಲಡಿಯಲ್ಲಿ, ತರಗೆಲೆಯ ಕೆಳಗೆ, ನಮ್ಮ ಸುಂಡಿಲಿಯ ಹಾಗಿನ ಒಂದು ಪುಟ್ಟ ಪ್ರಾಣಿ ಹುಳ ಹಿಡಿದು ತಿನ್ನುತ್ತಿತ್ತು. ಮೊಟ್ಟೆಯಿಡುವ ಜಾತಿಯದ್ದಲ್ಲ, ಮರಿಗೆ ಹಾಲು ಕೊಡುವಂಥದ್ದು. ಇಷ್ಟು ಸಣ್ಣದರ ಎಲುಬು ಉಳಿಯುವುದಿಲ್ಲ, ಹಲ್ಲು ಮಾತ್ರ ಉಳಿಯುತ್ತದೆ. ಅವನ ಗೈಡಿನ ಹತ್ತಿರ ಇದ್ದದ್ದು ಮೂರು ಮುರುಕು ಹಲ್ಲು. ಪೂರ್ತಿ ಹಲ್ಲು ಸಿಕ್ಕಿದರೆ ಅದರ ಕುಲ ಯಾವುದು, ಪ್ರಭೇದ ಯಾವುದು ಎಂದು ಗಟ್ಟಿಯಾಗಿ ಹೇಳಬಹುದು. ಕುಲ ಎಂದರೆ ಮನೆತನ, ಪ್ರಭೇದ ಎಂದರೆ ಆ ಮನೆತನದೊಳಗಿನ ಒಂದೊಂದು ಮನೆ ಎಂದು ಅವನೇ ನನಗೆ ಬಿಡಿಸಿ ಹೇಳಿದ್ದು.

"ಸಿಗದಿದ್ದರೆ?" ಎಂದು ಕೇಳಿದೆ.

"ಸಿಗದಿದ್ದರೆ ದುಬಾಯಿ" ಎಂದ. "ಅಣ್ಣ ವೀಸಾ ಮಾಡಿಸಿದ್ದಾನೆ. ಮಳೆ ಬಿಡುವವರೆಗೆ ನೋಡುತ್ತೇನೆ, ಮಳೆ ಬಿಟ್ಟ ಮೇಲೆ ವಿಮಾನ ಎಂದು ಬಪ್ಪ ಹೇಳಿದ್ದಾರೆ."

ಬಪ್ಪ ಎಂದರೆ ಅವನ ತಂದೆ. ಆ ಮನುಷ್ಯನ ಮಾತು ತಕ್ಕಡಿಯ ಕಲ್ಲಿನ ಹಾಗೆ, ಬದಲಾಗುವುದಿಲ್ಲ. ನನಗೆ ಹುಡುಗನ ಮೇಲೆ ಕನಿಕರ ಬಂತು ಎಂದು ಹೇಳಿದರೆ ಸುಳ್ಳಾಗುತ್ತದೆ. ನಿಜ ಹೇಳಬೇಕೆಂದರೆ ನನಗೆ ಹಟ ಬಂತು. ಸಣ್ಣದನ್ನು ಹುಡುಕುವ ಕೆಲಸ, ಅದೂ ಹಲ್ಲು, ಅದೂ ನನ್ನ ಅಂಗಡಿಯ ಬಾಗಿಲಿಗೇ ಬಂದಿದೆ. ಅದನ್ನು ಬೇರೆ ಯಾರೋ ಮಾಡುವುದು ಹೇಗೆ? "ಗೋಣಿಗಳನ್ನು ಇಲ್ಲಿಗೆ ತಾ" ಎಂದೆ.

ಒಳಗೆ ಕಮಲ ಕೇಳಿದಳು, "ಹನ್ನೆರಡು ಗೋಣಿಯಾ? ಮನೆಯಲ್ಲಿ ನಾವೂ ಇರಬೇಕಲ್ಲ?" ಆದರೆ ಮಣ್ಣು ಒಣಗಿಸುವ ಉಪಾಯ ಹೇಳಿದವಳು ಅವಳೇ. ಆ ಜೇಡಿ ಚೆನ್ನಾಗಿ ಒಣಗಿದ ಮೇಲೆ ನೀರಿಗೆ ಹಾಕಿದರೆ ತಾನಾಗಿ ಅರಳಿ ಬಿಡುತ್ತದೆ, ಹಸಿ ಇದ್ದರೆ ಮುದ್ದೆ ಮುದ್ದೆಯಾಗಿಯೇ ಉಳಿಯುತ್ತದೆ. ಜೂನ್ ತಿಂಗಳ ಕಾಪುವಿನಲ್ಲಿ ಬಿಸಿಲು ಎಲ್ಲಿಂದ ತರುವುದು? ಅಡುಗೆಮನೆಯಲ್ಲಿ ಒಲೆಯ ಮೇಲೆ ಕೊಬ್ಬರಿ ಒಣಗಿಸುವ ಅಟ್ಟ ಇತ್ತು. ಕೊಬ್ಬರಿಯನ್ನು ಒಂದು ಬದಿಗೆ ಸರಿಸಿ ಮಣ್ಣು ಹರಡಿದಳು. ಎರಡು ತಿಂಗಳು ನಮ್ಮ ಮನೆಯ ಕೊಬ್ಬರಿ ಎಣ್ಣೆಗೆ ಹೈದರಾಬಾದಿನ ಮಣ್ಣಿನ ವಾಸನೆ ಇತ್ತು.

ದಿನಾ ಹತ್ತು ಗಂಟೆಗೆ ಹಮೀದ ಬರುತ್ತಿದ್ದ. ಹಂಚಿನ ಮಾಡಿನಿಂದ ಧಾರೆಯಾಗಿ ಬೀಳುವ ನೀರಿನ ಕೆಳಗೆ ಒಂದರ ಕೆಳಗೊಂದು ಮೂರು ಜರಡಿ ಇಟ್ಟು, ಅರಳಿದ ಮಣ್ಣನ್ನು ತೊಳೆಯುತ್ತಿದ್ದ. ಕೆಳಗಿನ ಜರಡಿ ನೈಲಾನಿನದ್ದು, ಬಹಳ ಸಪೂರ ಕಣ್ಣಿನದ್ದು. ಅದರಲ್ಲಿ ನಿಂತದ್ದನ್ನು ಒಣಗಿಸಿ ನನ್ನ ಮುಂದೆ ಹರಡುತ್ತಿದ್ದ. ಅದರಿಂದಲೂ ಜಾರಿದ್ದು ಅಂಗಳದ ನೀರು ಹರಿದುಹೋಗುವ ಕಣಿಗೆ ಹೋಗುತ್ತಿತ್ತು. ಮೊದಲ ದಿನವೇ ಕಮಲ ಅದನ್ನು ನೋಡಿ ತಡೆದಳು.

"ಅದನ್ನು ಎಂತಕ್ಕೆ ಬಿಡುವುದು?"

"ಅದರಲ್ಲಿ ಎಂತದೂ ಇಲ್ಲ ಕಮಲಕ್ಕ. ಹಲ್ಲು ಈ ಕಣ್ಣಿಗಿಂತ ದೊಡ್ಡದು. ಗೈಡಿನ ಹತ್ತಿರ ಅಳತೆ ಉಂಟು."

ಅವಳು ಏನೂ ಹೇಳಲಿಲ್ಲ. ಏನೂ ಹೇಳದೆ ಇದ್ದಳೆಂದರೆ ಒಪ್ಪಿದಳು ಎಂದು ನಾನೂ ಹಲವು ಸಲ ಮೋಸಹೋಗಿದ್ದೇನೆ.

ನಾನು ಭೂತಗನ್ನಡಿ ಕಣ್ಣಿಗೆ ಸಿಕ್ಕಿಸಿ, ಒಂದೇ ಕೂದಲು ಉಳಿಸಿದ ಕುಂಚವನ್ನು ಒದ್ದೆ ಮಾಡಿ, ಒಂದೊಂದೇ ಕಣವನ್ನು ಆಚೆ ಸರಿಸುತ್ತಿದ್ದೆ. ಮೀನಿನ ಹುರುಪೆ ಬಂತು. ಬಸವನಹುಳದ ಚಿಪ್ಪು ಬಂತು. ಮೊಸಳೆಯ ಮೊನಚು ಹಲ್ಲು ಬಂತು. ಹಮೀದ ಅವನ್ನೆಲ್ಲ ಸಣ್ಣ ಸಣ್ಣ ಕುಪ್ಪಿಗಳಲ್ಲಿ ಹಾಕಿ ಹೆಸರು ಬರೆದಿಡುತ್ತಿದ್ದ. ಮೊಸಳೆಯದ್ದೆಲ್ಲ ಸೂಜಿಯ ಹಾಗೆ ಚೂಪು, ಬೇರು ಒಂದೇ, ಕಚ್ಚುವುದಕ್ಕೆ ಮಾತ್ರ. ಅರೆದು ತಿನ್ನುವ ಹಲ್ಲಿಗೆ ಗುಡ್ಡ ಉಂಟು, ತಗ್ಗು ಉಂಟು, ಬೇರು ಎರಡು. ಇದನ್ನು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅಂಗಡಿಗೆ ಬಂದ ಗಿರಾಕಿಗಳು, "ಆಚಾರ್ರು ಈಗ ಮಣ್ಣಿನಲ್ಲಿ ಒಡವೆ ಮಾಡುವುದಾ?" ಎಂದು ತಮಾಷೆ ಮಾಡುತ್ತಿದ್ದರು. "ಹೌದು, ನಿಮ್ಮ ಅಜ್ಜನ ಅಜ್ಜನದ್ದು" ಎಂದು ನಾನೂ ಬಿಡುತ್ತಿರಲಿಲ್ಲ.

ಆಟಿ ತಿಂಗಳ, ಎಂದರೆ ಆಷಾಢದ ಜಡಿಮಳೆಯ, ಒಂದು ಶುಕ್ರವಾರ, ಒಂಬತ್ತನೆಯ ಗೋಣಿಯಲ್ಲಿ, ಅದು ಸಿಕ್ಕಿತು. ಎಳ್ಳಿನ ಅರ್ಧದಷ್ಟು ಇದ್ದಿರಬಹುದು. ಬೇರು ಎರಡೂ ಸರಿ ಇದ್ದವು. ಮೇಲೆ ಮಾತ್ರ ಸುಣ್ಣದಂಥ ಬಿಳಿ ಗಸಿ ಅಂಟಿ ತಗ್ಗುಗಳೆಲ್ಲ ಮುಚ್ಚಿದ್ದವು. ಹಮೀದ ಭೂತಗನ್ನಡಿಯಲ್ಲಿ ನೋಡಿದ, ತೆಗೆದ, ಮತ್ತೆ ನೋಡಿದ. ಕಾಮಾಲೆಯಿಂದ ಎದ್ದವನು ಅಂಗಳದ ಮಳೆಗೆ ಹೋಗಿ ಕುಣಿದು ಬಂದ. ಅಷ್ಟರಲ್ಲಿ ಮಸೀದಿಗೆ ಹೊತ್ತಾಯಿತು. "ಜೋಪಾನ ಆಚಾರ್ರೇ, ನಮಾಜು ಮುಗಿಸಿ ಬಂದೆ" ಎಂದು ಟೋಪಿ ಹಾಕಿಕೊಂಡು ಹೋದ.

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಕಸುಬಿನಲ್ಲಿ ಒಡವೆಯನ್ನು ಬಂದ ಹಾಗೆಯೇ ಹಿಂದೆ ಕೊಡುವುದು ಮರ್ಯಾದೆ ಅಲ್ಲ. ಒಂದು ಕೊಂಡಿ ಬೆಸೆಯಲು ಕೊಟ್ಟಿದ್ದರೂ, ಇಡೀ ಸರವನ್ನು ಹುಣಸೆಹುಳಿಯಲ್ಲಿ ಕುದಿಸಿ, ಅಂಟುವಾಳದ ನೊರೆಯಲ್ಲಿ ತಿಕ್ಕಿ, ಹೊಳೆಯಿಸಿಯೇ ಕೊಡಬೇಕು. ಗಿರಾಕಿ ಕೇಳುವುದಿಲ್ಲ, ನಾವು ಹೇಳುವುದೂ ಇಲ್ಲ. ಜೋಪಾನ ಎಂದು ಹೇಳಿ ಹೋದರೆ ಅಕ್ಕಸಾಲಿಗೆ ಅರ್ಥವಾಗುವುದು ಅದೇ. ಹುಡುಗ ಬರುವಷ್ಟರಲ್ಲಿ ಆ ಗಸಿ ಬಿಡಿಸಿ, ಗುಡ್ಡ ತಗ್ಗು ಎಲ್ಲ ಕಾಣುವ ಹಾಗೆ ಮಾಡಿ, ಕೆಂಪು ಕಾಗದದ ಮೇಲೆ ಇಟ್ಟು ಕೊಡುತ್ತೇನೆ ಎಂದು ಎಣಿಸಿದೆ. ಮೂಸೆಯಷ್ಟು ಸಣ್ಣ ಬಟ್ಟಲಿನಲ್ಲಿ ಹುಳಿನೀರು ಕುದಿಸಿ ಹಲ್ಲನ್ನು ಬಿಟ್ಟೆ.

ನೀರಿನಲ್ಲಿ ಸಣ್ಣ ಸಣ್ಣ ಗುಳ್ಳೆ ಎದ್ದವು. ಗಸಿ ಬಿಡುತ್ತಿದೆ ಎಂದು ಖುಷಿಪಟ್ಟೆ. ಹತ್ತು ನಿಮಿಷ ಬಿಟ್ಟು ಚಿಮಟದಲ್ಲಿ ಎತ್ತಹೋದರೆ ಬೇರುಗಳು ಚಿಮಟದ ನಡುವೆ ಹುಡಿಯಾದವು. ಉಳಿದದ್ದು ತುಕ್ಕು ಹಿಡಿದ ಮೊಳೆಯ ತಲೆಯ ಹಾಗೆ ಗುಳಿ ಗುಳಿಯಾದ ಒಂದು ಚೂರು. ಮೂವತ್ತು ವರ್ಷ ಬೆಂಕಿಯ ಎದುರು ಕುಳಿತವನಿಗೆ ಆ ಮಳೆಯಲ್ಲಿ ಮೈಯೆಲ್ಲ ಬೆವರು ಬಂತು.

ಹಮೀದ ಟೋಪಿ ತೆಗೆಯದೆಯೇ ಒಳಗೆ ಬಂದ. ನಾನು ಬಟ್ಟಲನ್ನು ಮುಂದೆ ತಳ್ಳಿದೆ. ಅವನು ಬೈಯಲಿಲ್ಲ, ಅಲ್ಲೇ ಮಣೆಯ ಮೇಲೆ ಕುಳಿತುಕೊಂಡ. ಅದು ನನಗೆ ಬೈಗುಳಕ್ಕಿಂತ ಕಷ್ಟವಾಯಿತು. ನಾನೇ ದೊಡ್ಡ ಸ್ವರ ತೆಗೆದೆ.

"ಕಲ್ಲಾದ ಹಲ್ಲು ಹುಳಿಗೆ ಕರಗುತ್ತದೆ ಎಂದು ನೀನು ಹೇಳಿದ್ದಾ? ಹೇಳಬೇಕಿತ್ತಲ್ಲ?"

ಒಳಗಿನಿಂದ ಕಮಲ ಬಂದು ನೋಡಿದಳು. "ಮಾವಿನಕಾಯಿ ತಿಂದರೆ ನಮ್ಮ ಹಲ್ಲೇ ಜುಂ ಎನ್ನುತ್ತದೆ. ಇದು ಅಷ್ಟು ಹಳೇ ಹಲ್ಲು. ಇದನ್ನು ತಿಳಿಯಲಿಕ್ಕೆ ಕಾಲೇಜಿಗೆ ಹೋಗಬೇಕಾ ನಿಮಗೆ?" ಎಂದಳು.

ಬಟ್ಟಲಿನಿಂದ ಆ ಚೂರನ್ನು ಎತ್ತಿ ಕಾಗದದ ಮೇಲೆ ಇಟ್ಟು, "ತಪ್ಪಾಯಿತು ಹಮೀದಾ" ಎಂದೆ. ನನ್ನ ಮಗನ ವಯಸ್ಸಿನವನಿಗೆ ಹಾಗೆ ಹೇಳಿದ್ದು ಅದೇ ಮೊದಲು. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

"ಹೋದದ್ದು ಹೋಯಿತು" ಎಂದ ಅವನು. "ಇನ್ನೂ ಮೂರು ಗೋಣಿ ಉಂಟಲ್ಲ."

ಆ ಮೂರು ಗೋಣಿಯ ಮೇಲೆ ನಾನು ಪ್ರಾಣ ಇಟ್ಟೆ. ಆಟಿ ಕಳೆದು ಸೋಣ ತಿಂಗಳ ಕೆಲಸಗಳು ಬಂದವು. ಚೌತಿಯ ಮೊದಲು ಆಗಬೇಕೆಂದು ಬಂದ ಬಳೆಗಳನ್ನು ಬೇರೆ ಅಂಗಡಿಗೆ ದಾಟಿಸಿದೆ. ಬೆಳಿಗ್ಗೆ ಬೆಳಕು ಹರಿದದ್ದೇ ಕಿಟಕಿಯ ಬಳಿ ಕೂರುತ್ತಿದ್ದೆ. ಹುರುಪೆ, ಚಿಪ್ಪು, ಮೊಸಳೆ. ಮತ್ತೆ ಹುರುಪೆ, ಚಿಪ್ಪು. ಹನ್ನೆರಡನೆಯ ಗೋಣಿಯ ಕೊನೆಯ ಬೊಗಸೆಯೂ ಮುಗಿಯಿತು. ಹಾಲು ಕೊಡುವ ಪ್ರಾಣಿಯ ಹಲ್ಲು ಮತ್ತೊಂದು ಸಿಗಲಿಲ್ಲ. ಆಕಾಶ ಅಲ್ಲಲ್ಲಿ ನೀಲಿಯಾಗತೊಡಗಿತು. ಕಡಲಿನ ಬೊಬ್ಬೆ ಇಳಿದು ದೋಣಿಗಳು ನೀರಿಗೆ ಇಳಿದವು. ಜೀವನದಲ್ಲಿ ಮಳೆ ಬಿಡದಿರಲಿ ಎಂದು ನಾನು ಬೇಡಿಕೊಂಡದ್ದು ಆ ಒಂದು ವರ್ಷ ಮಾತ್ರ.

ಮೊಯ್ದಿನಬ್ಬ ಮಾತು ಕೊಟ್ಟ ಹಾಗೆ ನಡೆದುಕೊಂಡರು. ಸೋಮವಾರದ ಬಸ್ಸಿಗೆ ಬೊಂಬಾಯಿ, ಅಲ್ಲಿಂದ ವಿಮಾನ. ಶುಕ್ರವಾರ ಬೆಳಿಗ್ಗೆ ಹಮೀದ ಜರಡಿಗಳನ್ನು ಕಟ್ಟಿ ಒಯ್ಯಲು ಬಂದ. ಕುಪ್ಪಿಗಳನ್ನು ಗೈಡಿಗೆ ಕಳಿಸಬೇಕಿತ್ತು. "ಉಳಿದ ಮಣ್ಣನ್ನೆಲ್ಲ ಬಿಸಾಡಿ ಕಮಲಕ್ಕ. ನಿಮಗೆ ತುಂಬ ಉಪದ್ರ ಕೊಟ್ಟೆ" ಎಂದ.

ಕಮಲ ಒಳಗೆ ಹೋದಳು. ಬರುವಾಗ ಎರಡು ಕೈಯಲ್ಲಿ ಎರಡು ದೊಡ್ಡ ಹಾಲುಪುಡಿ ಡಬ್ಬಿ. ಇಟ್ಟು ಮತ್ತೆ ಹೋದಳು, ಮತ್ತೆರಡು. ಹೀಗೆ ಎಂಟು ಡಬ್ಬಿ. ಹಮೀದನ ಮನೆಗೆ ದುಬಾಯಿಯಿಂದ ಬಂದು, ಖಾಲಿಯಾಗಿ ಅವನ ಉಮ್ಮ, ಎಂದರೆ ತಾಯಿ, ಕಮಲನಿಗೆ ಕೊಟ್ಟಿದ್ದ ಡಬ್ಬಿಗಳೇ ಅವು.

"ಇದೆಂತದು?"

"ನಿನ್ನ ಜರಡಿಯಿಂದ ಜಾರಿದ್ದು. ಮೊದಲ ದಿನದಿಂದ ಕಣಿಯ ಬಾಯಿಗೆ ಚರಿಗೆ ಇಟ್ಟಿದ್ದೆ. ಅಕ್ಕಸಾಲಿಯ ಮನೆಯಿಂದ ಧೂಳು ಹೊರಗೆ ಹೋಗುವುದುಂಟಾ?"

ಹಮೀದನಿಗೆ ನಗುವುದೋ ಅಳುವುದೋ ತಿಳಿಯಲಿಲ್ಲ. "ಕಮಲಕ್ಕ, ಹಲ್ಲು ಇದಕ್ಕಿಂತ ದೊಡ್ಡದು ಎಂದು ನಾನು ಆವತ್ತೇ ಹೇಳಿದ್ದೆ."

"ನೀನು ನೋಡಿದ ಹಲ್ಲು ದೊಡ್ಡದು. ಒಂದು ಮನೆತನದಲ್ಲಿ ಎಲ್ಲರ ಹಲ್ಲೂ ಒಂದೇ ಅಳತೆಯದ್ದಾ? ನಿನ್ನ ಅಣ್ಣಂದಿರ ಚಪ್ಪಲಿ ನಿನಗೆ ಆಗುತ್ತದಾ?"

ಅವನು ಕಟ್ಟಿದ ಜರಡಿಗಳನ್ನು ಕೆಳಗೆ ಇಟ್ಟ. ಮರಿಗೆ ತರಲು ಅವಳು ಯಾರ ಅಪ್ಪಣೆಯನ್ನೂ ಕಾಯಲಿಲ್ಲ.

ಶುಕ್ರವಾರ, ಶನಿವಾರ ಮೂವರೂ ಕುಳಿತೆವು. ಕಮಲ ಮರಿಗೆ ತಿರುಗಿಸುವುದು, ಕೆಸರು ಬಳುಕಿ ಅಂಚಿನಿಂದ ಹೋಗುವುದು, ತಳದಲ್ಲಿ ಭಾರದ ಹುಡಿ ಒಂದು ಗೆರೆಯಾಗಿ ನಿಲ್ಲುವುದು. ಆ ಗೆರೆಯನ್ನು ನಾನು ಗಾಜಿನ ಮೇಲೆ ಹರಡಿ ನೋಡುವುದು. ಐದು ಡಬ್ಬಿ ಮುಗಿದವು. ಭಾನುವಾರ ಬೆಳಿಗ್ಗೆ ಹಮೀದ ಬರಲಿಲ್ಲ. ಅವನ ಮನೆಯಲ್ಲಿ ಪೆಟ್ಟಿಗೆ ಕಟ್ಟುತ್ತಿದ್ದರು. ಎಷ್ಟೋ ದಿನಗಳ ಮೇಲೆ ಅಂಗಳಕ್ಕೆ ಬಿಸಿಲು ಬಿದ್ದಿತ್ತು. ಆರನೆಯ ಡಬ್ಬಿಯ ಗೆರೆಯನ್ನು ಕಮಲ ಬಿಸಿಲಿಗೆ ಓರೆ ಮಾಡಿ ಹಿಡಿದಳು.

"ಇಲ್ಲಿ ಬನ್ನಿ. ಇದಕ್ಕೆ ಮೂರು ಮೂಲೆ ಉಂಟು" ಎಂದಳು.

ನಾನು ಭೂತಗನ್ನಡಿ ಸಿಕ್ಕಿಸಿಕೊಂಡು ಬಗ್ಗಿದೆ. ಬರಿಗಣ್ಣಿಗೆ ಅದು ಕಡಲ ಬದಿಯ ಹೊಯ್ಗೆಯ ಒಂದು ಕಣ. ಗಾಜಿನೊಳಗೆ ಮುಂದೆ ಮೂರು ಮೊನೆ, ಒಲೆಯ ಮೂರು ಗುಂಡುಗಳ ಹಾಗೆ. ಹಿಂದೆ ಒಂದು ಪುಟ್ಟ ತಗ್ಗು, ಅರೆಯುವ ಕಲ್ಲಿನ ಗುಳಿಯ ಹಾಗೆ. ಕತ್ತರಿಸುವುದು, ಅರೆಯುವುದು ಎರಡೂ ಒಂದೇ ಹಲ್ಲಿನಲ್ಲಿ. ಕೆಳಗೆ ಎರಡು ಬೇರು, ಮುರಿಯದ್ದು. ಚಿನ್ನದಲ್ಲಿ ಇಷ್ಟು ಸಪೂರದ ಕೆಲಸ ಮಾಡು ಎಂದರೆ ನನ್ನಿಂದ ಆಗುತ್ತಿರಲಿಲ್ಲ, ನನ್ನ ಅಪ್ಪನಿಂದಲೂ ಆಗುತ್ತಿರಲಿಲ್ಲ. ನಾನು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಎದ್ದು ನಿಂತೆ.

"ನೀನೇ ಎತ್ತಿಡು" ಎಂದೆ. "ನಾನು ಮುಟ್ಟುವುದಿಲ್ಲ."

ಚಪ್ಪಲಿ ಹಾಕದೆ ಹಮೀದನನ್ನು ಕರೆಯಲು ಹೈವೇಯವರೆಗೆ ಓಡಿದೆ.

ಮಧ್ಯಾಹ್ನದ ಬಸ್ಸಿಗೆ ಹಮೀದನೂ ನಾನೂ ಉಡುಪಿಗೆ ಹೋಗಿ, ಅಲ್ಲಿಂದ ಮಣಿಪಾಲದ ಗುಡ್ಡ ಹತ್ತಿದೆವು. ನನ್ನ ಹಲ್ಲಿನ ಡಾಕ್ಟರಿಗೆ ಮನೆಯಲ್ಲಿಯೇ ಒಂದು ಸೂಕ್ಷ್ಮದರ್ಶಕ ಇತ್ತು. ಊಟ ಮುಗಿಸಿ ಮಲಗಿದ್ದವರು ಎದ್ದು ಬಂದರು.

"ಏನು ಆಚಾರ್ರೇ, ಭಾನುವಾರ? ಪೇಷೆಂಟ್ ಎಲ್ಲಿ?"

"ಪೇಷೆಂಟ್ ತೀರಿಕೊಂಡು ಆರೂವರೆ ಕೋಟಿ ವರ್ಷ ಆಯ್ತು ಡಾಕ್ಟ್ರೇ. ಹಲ್ಲು ಮಾತ್ರ ತಂದಿದ್ದೇವೆ."

ಅವರು ನಕ್ಕರು, ನೋಡಿದರು, ನಗು ನಿಲ್ಲಿಸಿದರು. ಹಮೀದ ಗೈಡಿನ ಹಲ್ಲುಗಳ ಚಿತ್ರ ಬಿಡಿಸಿಟ್ಟ. ಅದೇ ಒಲೆಗುಂಡು, ಅದೇ ಗುಳಿ, ಆದರೆ ನಮ್ಮದು ಅದರ ಅರ್ಧ ಅಳತೆ, ಗುಳಿ ಇನ್ನೂ ಅಗಲ. "ಮರಿಯ ಹಲ್ಲಾಗಿರಬಹುದಾ?" ಎಂದು ಹಮೀದ ಹೆದರುತ್ತಲೇ ಕೇಳಿದ. ಮರಿಯದ್ದಾದರೆ ಅದು ಗೊತ್ತಿದ್ದ ಪ್ರಾಣಿಯದ್ದೇ, ಹೊಸತೇನಲ್ಲ. ಡಾಕ್ಟರು ಬಹಳ ಹೊತ್ತು ಕಣ್ಣು ತೆಗೆಯಲಿಲ್ಲ.

"ಬೇರಿನ ತುದಿ ಪೂರ್ತಿ ಕೂಡಿದೆ. ಮೊನೆಗಳು ಸವೆದಿವೆ. ಇದು ಎಷ್ಟೋ ಕಾಲ ತಿಂದು ಬದುಕಿದ ಪ್ರಾಣಿಯ ಹಲ್ಲು. ಬೆಳೆದದ್ದೇ ಇಷ್ಟು" ಎಂದರು.

ಹಮೀದ ನನ್ನ ಕೈ ಹಿಡಿದುಕೊಂಡ. ಮನೆತನ ಅದೇ, ಮನೆ ಬೇರೆ. ಯಾರೂ ಕಾಣದ ಇನ್ನೊಂದು ಪ್ರಭೇದ. ದೊಡ್ಡದರ ಅಳತೆ ಹಿಡಿದು ಹುಡುಕುತ್ತಿದ್ದವರ ಜರಡಿಯಿಂದ ಅದು ಪ್ರತಿ ದಿನ ಜಾರಿಹೋಗುತ್ತಿತ್ತು. ನಾನು ಮೊದಲನೆಯದನ್ನು ಹಾಳು ಮಾಡದೆ ಇದ್ದಿದ್ದರೆ ಹಮೀದ ಅದನ್ನೇ ತೆಗೆದುಕೊಂಡು ಆಟಿಯಲ್ಲೇ ಹೊರಟುಹೋಗುತ್ತಿದ್ದ, ಡಬ್ಬಿಗಳು ಅಟ್ಟದಲ್ಲೇ ಉಳಿಯುತ್ತಿದ್ದವು. ಬಸ್ಸಿನಲ್ಲಿ ಬರುವಾಗ ನಾನು ಇದನ್ನು ಒಂದು ಸಲ ಹೇಳಿ ನೋಡಿದೆ. "ಹಾಗೆಂದು ಮತ್ತೆ ಹುಳಿ ಕುದಿಸಬೇಡಿ" ಎಂದ ಹುಡುಗ.

ಉಳಿದದ್ದು ಮೊಯ್ದಿನಬ್ಬ. ಸಂಜೆಗೆ ಅವರೇ ನನ್ನ ಅಂಗಡಿಗೆ ಬಂದರು. ಮಗ ಜಗಲಿಯಲ್ಲಿ ನಿಂತ, ಒಳಗೆ ಬರಲಿಲ್ಲ. ಬೊಂಬಾಯಿ ಬಸ್ಸಿನ ಟಿಕೇಟು ತಂದೆಯ ಜೇಬಿನಲ್ಲಿ ಇತ್ತು, ಅದರ ಮೂಲೆ ನನಗೆ ಕಾಣುತ್ತಿತ್ತು.

"ತೋರಿಸಿ ಆಚಾರ್ರೇ, ಎಂತದು ಅದು."

"ಬಹಳ ಸಣ್ಣದು ಬ್ಯಾರಿಗಳೇ. ಅಭ್ಯಾಸ ಇಲ್ಲದವರಿಗೆ ಕಾಣಲಿಕ್ಕಿಲ್ಲ."

"ಗಸಗಸೆಯಲ್ಲಿ ಕಲ್ಲು ಹೆಕ್ಕುವವ ನಾನು. ಕೊಡಿ ಇಲ್ಲಿ."

ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಟ್ಟೆ. ದಪ್ಪ ಮನುಷ್ಯ, ಉಸಿರು ಬಿಗಿಹಿಡಿದು ಬಗ್ಗಿದರು. ಕಮಲ ಬಾಗಿಲ ಹತ್ತಿರ ಬಂದು ನಿಂತಳು.

"ಇದು ಎಂತ ತಿನ್ನುತ್ತಿತ್ತು?" ಎಂದು ಬಗ್ಗಿದಲ್ಲಿಂದಲೇ ಕೇಳಿದರು.

"ಹುಳ."

"ದೊಡ್ಡ ದೊಡ್ಡ ಜಾನುವಾರುಗಳೆಲ್ಲ ಆಗ ಸತ್ತವು, ಇದರಂಥ ಸಣ್ಣವು ಬದುಕಿ ಮುಂದೆ ಬಂದವು ಎಂದು ಇವ ಹೇಳುತ್ತಾನೆ. ಹೌದಾ?"

"ಹಾಗೆಂದು ಓದಿದವರು ಹೇಳುತ್ತಾರೆ. ನಾನು ನೋಡಿದ್ದು ಹಲ್ಲು ಮಾತ್ರ."

ಅವರು ಭೂತಗನ್ನಡಿ ತೆಗೆದು, ಕಣ್ಣು ಒರೆಸಿ, ಮಗನ ಕಡೆ ನೋಡದೆ ನನಗೆ ಹೇಳಿದರು. "ಇಬ್ಬರನ್ನು ಕಳಿಸಿದ್ದೇನೆ ಆಚಾರ್ರೇ. ಕ್ಯಾಸೆಟ್ಟಿನಲ್ಲಿ ಅವರ ಸ್ವರ ಬರುತ್ತದೆ. ಇವನ ಉಮ್ಮ ಅದನ್ನು ಹಾಕಿಕೊಂಡು ಕೂರುತ್ತಾಳೆ." ಭೂತಗನ್ನಡಿಯನ್ನು ಮೆಲ್ಲ ಮೇಜಿನ ಮೇಲೆ ಇಟ್ಟರು. "ಇಷ್ಟು ಸಣ್ಣದನ್ನು ಕಾಣುವ ಕಣ್ಣು ಇವನದ್ದು. ಅದನ್ನು ದುಬಾಯಿಯ ಹೊಯ್ಗೆಯಲ್ಲಿ ಹಾಳು ಮಾಡುವುದು ಬೇಡ." ಟಿಕೇಟು ತೆಗೆದು ನನ್ನ ಮೇಜಿನ ಮೇಲೆ ಇಟ್ಟು, ಕೊಡೆ ಮರೆತು ಹೋದರು.

ಹಮೀದ ಜಗಲಿಯ ಕಂಬ ಹಿಡಿದು ಅತ್ತ. ಕಮಲ ಇಬ್ಬರಿಗೂ ಚಾ ಮಾಡಿದಳು.

ಉಳಿದ ಡಬ್ಬಿಗಳಲ್ಲಿ ಅದೇ ಪ್ರಾಣಿಯ ಇನ್ನೂ ನಾಲ್ಕು ಹಲ್ಲು ಸಿಕ್ಕಿದವು. ಎಲ್ಲವನ್ನೂ ಹಮೀದ ಎದೆಗೆ ಕಟ್ಟಿಕೊಂಡು ಹೋದ. ಎರಡು ವರ್ಷ ಬಿಟ್ಟು, ಇಂಗ್ಲಿಷಿನಲ್ಲಿ ಅಚ್ಚಾದ ಬರಹ ಹಿಡಿದು ಬಂದ. ಹೊಯ್ಗೆಯ ಕಣದಷ್ಟು ಹಲ್ಲು ಅದರಲ್ಲಿ ಹಲಸಿನ ಗಾತ್ರ ಇತ್ತು. ಹೊಸ ಪ್ರಭೇದಕ್ಕೆ ಯಾರ ಹೆಸರು ಇಡಲಿ ಎಂದು ಅವನು ಮೊದಲೇ ನನಗೆ ಕಾಗದ ಬರೆದು ಕೇಳಿದ್ದ, ನನ್ನದನ್ನೇ ಇಡುತ್ತೇನೆ ಎಂದೂ ಬರೆದಿದ್ದ. ನಾನು ಬೇಡ ಎಂದು, ಬೇರೆ ಒಂದು ಹೆಸರು ಬರೆದು ಕಳಿಸಿದ್ದೆ. ಹಾಳಾದ ಮೊದಲ ಹಲ್ಲನ್ನು ಅವನು ನನಗೇ ಕೊಟ್ಟ. ಶಾಸ್ತ್ರಕ್ಕೆ ಅದು ಉಪಯೋಗ ಇಲ್ಲವಂತೆ. ಅದಕ್ಕೆ ಒಂದು ಚಿನ್ನದ ಕಟ್ಟು ಕಟ್ಟಿ, ಗಾಜಿನ ಮುಚ್ಚಳ ಕೂರಿಸಿ, ಮೇಜಿನ ಮೇಲೆ ಇಟ್ಟುಕೊಂಡೆ.

ಕಳೆದ ವರ್ಷ ಹಮೀದ ಬಂದಿದ್ದ. ಈಗ ನಿವೃತ್ತ ಪ್ರೊಫೆಸರು, ಗಡ್ಡ ಬೆಳ್ಳಗಾಗಿದೆ. ಹಿಂದೆ ಏಳೆಂಟು ವಿದ್ಯಾರ್ಥಿಗಳು. ನನ್ನ ಕೈ ನಡುಗುತ್ತದೆ, ಅಂಗಡಿ ಮುಚ್ಚಿ ಎಷ್ಟೋ ವರ್ಷವಾಯಿತು. ಆದರೆ ಆ ಗಾಜಿನ ಡಬ್ಬಿಯನ್ನು ಮಾತ್ರ ನಾನೇ ತೆಗೆದು ಅವರ ಮುಂದೆ ಇಟ್ಟೆ. ಒಬ್ಬಳು ಹುಡುಗಿ ಬಗ್ಗಿ ನೋಡಿ ಮುಖ ಚಿಕ್ಕದು ಮಾಡಿದಳು.

"ಅಯ್ಯೋ ಸರ್, ಇಂಥದ್ದನ್ನು ಯಾರು ಹಾಳು ಮಾಡಿದ್ದು?"

"ನಾನು" ಎಂದೆ. ಬೆನ್ನು ನೆಟ್ಟಗೆ ಮಾಡಿಕೊಂಡೇ ಹೇಳಿದೆ. ಸ್ವರದಲ್ಲಿ ಎಷ್ಟು ಜಂಬ ಇತ್ತೆಂದರೆ, ಒಳಗಿನಿಂದ ಕಮಲನ ಸ್ವರ ಬಂತು.

"ಹಾಳು ಮಾಡಿದವರ ಹೆಸರು ಆಯ್ತಲ್ಲ, ಸಿಕ್ಕಿದ್ದು ಯಾರಿಗೆ ಎಂದೂ ಹೇಳಿ."

"ಅದನ್ನು ನಾನು ಹೇಳಬೇಕಾಗಿಲ್ಲ" ಎಂದೆ. ಹಮೀದ ತನ್ನ ಹಳೆಯ ಬರಹದ ಮೊದಲ ಪುಟವನ್ನು ಹುಡುಗಿಯ ಕೈಗೆ ಕೊಟ್ಟ. ಅವಳು ಆ ಪ್ರಾಣಿಯ ಹೆಸರನ್ನು ಗಟ್ಟಿಯಾಗಿ ಓದಿದಳು. ಮೊದಲ ಶಬ್ದ ಆ ಮನೆತನದ್ದು, ನನ್ನ ಬಾಯಿಯಲ್ಲಿ ಇಂದಿಗೂ ತಿರುಗುವುದಿಲ್ಲ. ಎರಡನೆಯದು, ಕೊನೆಗೆ ಒಂದು ಲ್ಯಾಟಿನ್ ಬಾಲ ಬಿಟ್ಟರೆ, ಕಮಲ. ಅವಳು ಸೆರಗಿನಲ್ಲಿ ಕೈ ಒರೆಸುತ್ತ ಬಾಗಿಲಿಗೆ ಬಂದು, "ಇಲಿಗೆ ಇಡಲಿಕ್ಕೆ ಬೇರೆ ಹೆಸರು ಸಿಗಲಿಲ್ಲ ಇವರಿಗೆ" ಎಂದಳು, ಆಮೇಲೆ ಇನ್ನೊಮ್ಮೆ ಓದು ಎಂದು ಆ ಹುಡುಗಿಗೆ ಹೇಳಿದಳು.